ಮೋಡದೊಳಗಿನ ಬಿಸಿಲು

ನಾಟಿ ಸಾಲಿನಲ್ಲಿ ನನಗೊಂದು ಜಾಗ ಇದೆ. ಬಲಗಡೆಯ ಕೊನೆ, ಬದುವಿಗೆ ತಾಗಿದ ಮೂಲೆ. ಸಾಲಿನ ನಡುವೆ ನಿಲ್ಲುವವರು ಕೈ ಚುರುಕಿನವರು. ಅವರು ಎರಡೂ ಪಕ್ಕದವರಿಗೆ ಹೊಂದಿಕೊಂಡು ಹಿಂದೆ ಸರಿಯಬೇಕು. ಮೂಲೆಯವರು ಒಂದು ಪಕ್ಕಕ್ಕೆ ಮಾತ್ರ ಜವಾಬು ಹೇಳಿದರೆ ಸಾಕು, ಇನ್ನೊಂದು ಪಕ್ಕದ ಬದು ಏನನ್ನೂ ಕೇಳುವುದಿಲ್ಲ. ಆ ಜಾಗ ಮೊದಲು ನನ್ನ ಅವ್ವನದು. ಅವಳಿಗೆ ಸೊಂಟ ಹಿಡಿಯಲು ಶುರುವಾದ ಮೇಲೆ ನಡುವಿನಿಂದ ಮೂಲೆಗೆ ಕಳಿಸಿದ್ದರು. ಅವಳು ತೀರಿಕೊಂಡ ವರ್ಷ ಮೂಲೆ ಖಾಲಿಯಿತ್ತು. ಮರುವರ್ಷ ದೊಡ್ಡವ್ವ ನಮ್ಮ ಮನೆ ಮುಂದೆ ನಿಂತು, "ಏನಮ್ಮಿ, ನಿಮ್ಮವ್ವನ ಜಾಗ ಅಂಗೇ ಬಿದ್ದದೆ. ಬತ್ತೀಯೋ ಇಲ್ವೋ?" ಎಂದು ಕೇಳಿದಳು. ನನ್ನನ್ನು ಯಾರಾದರೂ ಎಲ್ಲಿಗಾದರೂ ಕರೆದು ಬಹಳ ವರ್ಷವಾಗಿತ್ತು. ಮಾರನೆಯ ದಿನವೇ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ.

ದೊಡ್ಡವ್ವ ನನಗೆ ಸಂಬಂಧದಲ್ಲಿ ಏನೂ ಆಗಬೇಕಿಲ್ಲ. ಅವಳು ಕೊತ್ತತ್ತಿಯ ನಮ್ಮ ಬೀದಿಗೆಲ್ಲ ದೊಡ್ಡವ್ವ, ಮತ್ತು ನಮ್ಮ ಮುಯ್ಯಾಳಿನ ಗುಂಪಿಗೆ ಯಜಮಾನಿ. ಮುಯ್ಯಾಳು ಅಂದರೆ ಇವತ್ತು ನನ್ನ ಗದ್ದೆಗೆ ನೀನು ಬಂದರೆ ನಾಳೆ ನಿನ್ನ ಗದ್ದೆಗೆ ನಾನು ಬರುವುದು. ಕೂಲಿಯ ಮಾತಿಲ್ಲ. ಆದರೆ ಬದಲಿಗೆ ಇನ್ನೊಬ್ಬರನ್ನು ಕಳಿಸುವ ಹಾಗೂ ಇಲ್ಲ. ಬಂದ ಮೈಗೆ ಪ್ರತಿಯಾಗಿ ಅದೇ ಮನೆಯ ಮೈ ಹೋಗಬೇಕು, ಒಂಟಿ ಹೆಂಗಸಿನ ಮನೆಯಾದರೆ ಅವಳೇ ಹೋಗಬೇಕು. ಹಿಂದೆ ಊರೆಲ್ಲ ಹೀಗೇ ನಾಟಿ ಮಾಡುತ್ತಿತ್ತಂತೆ. ಈಗ ಟೆಂಪೋದಲ್ಲಿ ಕೂಲಿಯವರು ಬರುತ್ತಾರೆ, ದೊಡ್ಡ ಹಿಡುವಳಿಯವರು ಯಂತ್ರ ತರಿಸುತ್ತಾರೆ. ಮುಯ್ಯಾಳಿಗೆ ಉಳಿದಿರುವುದು ಸಣ್ಣ ಗದ್ದೆಯ ನಾವು ಏಳೆಂಟು ಹೆಂಗಸರು ಮಾತ್ರ. ಬದುವಿನ ಮೇಲೆ ಕೋಲು ನೆಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಫೋನು ಸಿಕ್ಕಿಸಿ ಹಾಡು ಹಾಕುತ್ತೇವೆ. ಹಾಡು ಚೆನ್ನಾಗಿಲ್ಲದಿದ್ದರೆ ದೊಡ್ಡವ್ವ ತಾನೇ ಹಾಡುತ್ತಾಳೆ. ಅದೂ ಚೆನ್ನಾಗಿರುವುದಿಲ್ಲ, ಹೇಳುವ ಧೈರ್ಯ ಯಾರಿಗೂ ಇಲ್ಲ.

ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರು ಕೇಳಿ ಕೇಳಿ ಸುಸ್ತಾಗಿ ಈಗ ಬಿ.ಪಿ. ಎಷ್ಟಿದೆ ಎಂದು ಕೇಳುತ್ತಾರೆ. ಮಂಡ್ಯದ ಒಂದು ಪ್ರೆಸ್ಸಿಗೆ ಪ್ರೂಫ್ ತಿದ್ದಿಕೊಡುವುದು ನನ್ನ ಕೆಲಸ. ಲಗ್ನಪತ್ರಿಕೆ, ಹಾಲಿನ ಸಂಘದ ವರದಿ, ಪರೀಕ್ಷೆಯ ಗೈಡು, ಏನು ಬಂದರೂ ಸೈ. ವಾರಕ್ಕೆ ಒಂದೆರಡು ಸಲ ಹೋಗಿ ಕಟ್ಟು ತಂದು ಮನೆಯಲ್ಲಿ ಕೂತು ತಿದ್ದುತ್ತೇನೆ. ಈ ಕೆಲಸಕ್ಕೆ ಜೊತೆಗಾರರು ಬೇಕಿಲ್ಲ, ಜೊತೆಗಾರರಿದ್ದರೆ ಕೆಲಸ ಕೆಡುತ್ತದೆ. ಹಾಗಾಗಿ ವರ್ಷದಲ್ಲಿ ಮನುಷ್ಯರ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು ನನಗೆ ನಾಟಿ, ಕಳೆ, ಕೊಯ್ಲಿನ ದಿನಗಳಲ್ಲಿ ಮಾತ್ರ. ನನ್ನ ಗದ್ದೆ ಎಷ್ಟು ಚಿಕ್ಕದೆಂದರೆ, ಅದರ ಭತ್ತವಿಲ್ಲದೆಯೂ ನಾನು ಊಟ ಮಾಡಬಲ್ಲೆ. ನನಗೆ ಬೇಕಾಗಿದ್ದದ್ದು ಸಾಲು.

ಹೋದ ವರ್ಷ ಬೇಸಗೆಯಲ್ಲಿ ನಮ್ಮ ಹಸು ಕಂದು ಹಾಕಿತು. ಕರು ಅರ್ಧ ಬಂದು ನಿಂತಿತ್ತು. ಹತ್ತಿರದಲ್ಲಿ ಯಾರೂ ಇಲ್ಲದೆ ನಾನೇ ಬರಿಗೈಯಲ್ಲಿ ಎಳೆದೆ. ಹಸುವೂ ಆಮೇಲೆ ಬದುಕಲಿಲ್ಲ. ಕೊಟ್ಟಿಗೆ ಖಾಲಿಯಾದ ಕೆಲವು ದಿನಕ್ಕೆ ನನಗೆ ಜ್ವರ ಶುರುವಾಯಿತು. ಸಂಜೆ ಬರುವುದು, ಬೆವರಿ ಬಿಡುವುದು, ಎರಡು ದಿನ ಸುಮ್ಮನಿದ್ದು ಮತ್ತೆ ಬರುವುದು. ಕೀಲುಗಳೆಲ್ಲ ಹಿಡಿದುಕೊಂಡವು. ಮಂಡ್ಯದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ದನದಿಂದ ಬಂದ ಸೋಂಕು ಎಂದರು. ಎರಡು ಬಗೆಯ ಮಾತ್ರೆ ಬರೆದು, ಆರು ವಾರ ಒಂದು ಹೊತ್ತೂ ತಪ್ಪಿಸಬಾರದು ಎಂದರು.

ಒಂದು ಮಾತ್ರೆ ಮೂತ್ರ, ಬೆವರು, ಕಣ್ಣೀರು ಎಲ್ಲವನ್ನೂ ಕಿತ್ತಳೆ ಬಣ್ಣ ಮಾಡುತ್ತದೆ, ಹೆದರಬೇಡಿ ಎಂದರು. ಇನ್ನೊಂದರ ಷರತ್ತುಗಳು ಹೆಚ್ಚು. ತುಂಬಿದ ಲೋಟ ನೀರಿನೊಂದಿಗೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು, ಹಾಲು ಮೊಸರು ಮಜ್ಜಿಗೆ ಅದರ ಜೊತೆಗೆ ಕೂಡದು. "ಮುಖ್ಯವಾಗಿ ಬಿಸಿಲಿಗೆ ಹೋಗಬೇಡಿ. ಈ ಮಾತ್ರೆ ನಿಲ್ಲುವವರೆಗೆ ನಿಮ್ಮ ಚರ್ಮಕ್ಕೆ ಬಿಸಿಲು ತಡೆಯುವ ಶಕ್ತಿ ಇರಲ್ಲ," ಎಂದರು. ನಾನು ತಲೆಯಾಡಿಸಿದೆ. ಅಕ್ಷರ ತಿದ್ದುವವಳು ನೆರಳಿನಲ್ಲೇ ಕೂತಿರುತ್ತಾಳೆ ಎಂದು ಅವರು ತಿಳಿದರೋ ಏನೋ. ಗದ್ದೆಯ ಮಾತನ್ನು ನಾನು ಎತ್ತಲಿಲ್ಲ.

ಮಾತ್ರೆ ಶುರುವಾಗಿ ಕೆಲವೇ ದಿನಕ್ಕೆ ಜ್ವರ ಬಿಟ್ಟಿತು, ಕೈಕಾಲು ನನ್ನವೇ ಅನ್ನಿಸತೊಡಗಿದವು. ಅಷ್ಟರಲ್ಲಿ ನಾಲೆಗೆ ನೀರು ಬಿಟ್ಟರು. ಊರಿನ ಸಸಿಮಡಿಗಳಲ್ಲಿ ಪೈರು ಎದ್ದು ನಿಂತಿತ್ತು. ಮೊದಲ ನಾಟಿ ನಮ್ಮ ಗುಂಪಿನ ಒಬ್ಬಳ ಗದ್ದೆಯದು. ಹೋಗಬಾರದು ಎಂದು ಗೊತ್ತಿತ್ತು. ಬೆಳಗ್ಗೆ ಎದ್ದು ಆಕಾಶ ನೋಡಿದೆ. ಒಂದು ಕಡೆಯೂ ತೂತಿಲ್ಲದ ಹಾಗೆ ಮೋಡ ಮುಚ್ಚಿತ್ತು, ಸಣ್ಣಗೆ ಹನಿಯುತ್ತಿತ್ತು. ನಮ್ಮ ಕಡೆ ಬಿಸಿಲು ಅಂದರೆ ನೆರಳು ಬೀಳುವುದು. ನೆಲದ ಮೇಲೆ ನನ್ನ ನೆರಳೇ ಬೀಳದ ದಿನ ಬಿಸಿಲು ಎಲ್ಲಿಂದ ಬಂತು? ಸೀರೆಯ ಮೇಲೆ ಅಪ್ಪನ ಹಳೆಯ ಅಂಗಿ ತೊಟ್ಟು, ತಲೆಗೆ ಗೋಣಿಚೀಲದ ಗೊಪ್ಪೆ ಹಾಕಿಕೊಂಡು ಹೊರಟೆ. ಡಾಕ್ಟರ ಮಾತನ್ನು ಮೀರಿದೆ ಎಂದು ನನಗೆ ಅನ್ನಿಸಲೇ ಇಲ್ಲ.

ಆ ದಿನ ಚೆನ್ನಾಗಿತ್ತು. ಕಾಯಿಲೆ ಬಿದ್ದು ಎದ್ದವಳೆಂದು ನನಗೆ ಯಾರೂ ರಿಯಾಯಿತಿ ತೋರಿಸಲಿಲ್ಲ. ನಾನು ಹಿಂದೆ ಬಿದ್ದಾಗ ಪಕ್ಕದವಳು, "ಪ್ರೂಪು ತಿದ್ದಂಗೆ ಒಂದೊಂದೇ ನೋಡ್ಕಂಡು ನೆಡ್ತಾ ಅವ್ಳೆ ಕಣ್ರಮ್ಮಿ," ಎಂದಳು. ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ಅಂಗಿಯ ತೋಳನ್ನು ಮೊಣಕೈಯವರೆಗೆ ಮಡಚಿದ್ದೆ, ಇಲ್ಲದಿದ್ದರೆ ನೀರಿಗೆ ಇಳಿಬಿದ್ದು ಭಾರವಾಗುತ್ತದೆ. ದಿನವಿಡೀ ಬಗ್ಗಿಯೇ ಇರುವುದರಿಂದ ಮುಖ ಆಕಾಶಕ್ಕಲ್ಲ, ನೀರಿಗೆ. ಗದ್ದೆಯಲ್ಲಿ ನಿಂತ ನೀರು ಬೆಳ್ಳಗೆ ಹೊಳೆಯುತ್ತಿತ್ತು, ಕಣ್ಣು ಕಿರಿದು ಮಾಡಿಕೊಂಡು ನೆಟ್ಟೆ. ಸಂಜೆ ಮನೆಗೆ ಬಂದಾಗ ಗದ್ದದ ಕೆಳಗೆ ಸ್ವಲ್ಪ ಚುರುಚುರು ಅನ್ನುತ್ತಿತ್ತು, ಅಷ್ಟೇ.

ಬೆಳಗಾಗುವಷ್ಟರಲ್ಲಿ ಮುಖ ನನ್ನದಾಗಿರಲಿಲ್ಲ. ಗದ್ದ, ಮೂಗಿನ ಕೆಳಭಾಗ, ಕತ್ತಿನ ಮುಂದುಗಡೆ, ಗೊಪ್ಪೆ ಕಾಯದಿದ್ದ ಜಾಗವೆಲ್ಲ ಕೆಂಪಾಗಿ ಊದಿಕೊಂಡಿತ್ತು. ಮುಂಗೈಗಳ ಮೇಲೆ ನೀರುಗುಳ್ಳೆ ಎದ್ದಿದ್ದವು. ಬಟ್ಟೆ ತಾಗಿದರೂ ಉರಿ. ಕನ್ನಡಿಯ ಮುಂದೆ ನಿಂತಿದ್ದಾಗಲೇ ದೊಡ್ಡವ್ವ ಮುಂದಿನ ನಾಟಿಯ ದಿನ ಹೇಳಲು ಬಂದು ಬಾಗಿಲು ತಟ್ಟಿದಳು. ತೆಗೆದೆ. ಅವಳು ನನ್ನ ಮುಖ ನೋಡಿ, ಹೊಸ್ತಿಲ ಮೇಲೆ ಇಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಎರಡೂ ಕೈ ಜೋಡಿಸಿದಳು. ನನಗಲ್ಲ, ನನ್ನ ಮುಖದ ಮೇಲೆ ಬಂದು ಕೂತಿದ್ದಾಳೆಂದು ಅವಳು ನಂಬಿದ ಸಿಡುಬಿನ ದೇವತೆಗೆ.

"ಸಾಂತ್ವಾಗವ್ವ ತಾಯಿ," ಎಂದಳು.

"ದೊಡ್ಡವ್ವ, ಇದು ಅಮ್ಮ ಅಲ್ಲ. ಮಾತ್ರೆದು. ಈ ಮಾತ್ರೆ ತಗಂಡು ಬಿಸ್ಲಲ್ಲಿ ನಿಂತ್ರೆ ಸುಡ್ತದಂತೆ."

"ಅಂಗನ್ಬ್ಯಾಡ. ಬಂದಿರೋ ಅಮ್ಮನ್ನ ಅಲ್ಲ ಅನ್ಬಾರ್ದು," ಎಂದು ದನಿ ತಗ್ಗಿಸಿದಳು. "ನೆನ್ನೆ ಎಲ್ಲಿತ್ತಮ್ಮಿ ಬಿಸ್ಲು? ಬೆಳಗಿಂದ ಬೈಗಿನಗಂಟ ಮ್ವಾಡ. ನಾವೆಲ್ಲ ನಿಂತಿರ್ನಿಲ್ವಾ? ನಮ್ಗೆ ಯಾಕೆ ಏನೂ ಆಗ್ನಿಲ್ಲ?"

ನೀವು ಯಾರೂ ಈ ಮಾತ್ರೆ ನುಂಗಿಲ್ಲವಲ್ಲ ಎಂದು ನಾನು ಹೇಳುವುದರೊಳಗೆ ಅವಳು ಅಂಗಳ ದಾಟಿದ್ದಳು. ತಿರುಗಿ ಬರುವಾಗ ಬೇವಿನ ಸೊಪ್ಪು ತಂದಳು. ನನ್ನ ಬಾಗಿಲಿಗೆ ಸಿಕ್ಕಿಸಿ, ಇನ್ನೊಂದು ಸಲ ಕೈ ಮುಗಿದು ಹೋದಳು.

ಚಿಕ್ಕಂದಿನಲ್ಲಿ ನಾನೇ ಇಂಥ ಬಾಗಿಲುಗಳನ್ನು ದೂರದಿಂದ ನೋಡಿದ್ದೇನೆ. ಅಮ್ಮ ಬಂದ ಮನೆಗೆ ಯಾರೂ ಹೋಗುವುದಿಲ್ಲ, ಆ ಮನೆಯವರು ಪೈರು ಪಚ್ಚೆಯ ಹತ್ತಿರ ಸುಳಿಯುವುದಿಲ್ಲ, ಅಲ್ಲಿ ಒಗ್ಗರಣೆಯ ಹೊಗೆ ಏಳಬಾರದು. ಇದು ಬಹಿಷ್ಕಾರವಲ್ಲ, ಭಕ್ತಿ. ಆದರೆ ಒಳಗಿರುವವಳಿಗೆ ಎರಡೂ ಒಂದೇ. ಬೀದಿಯವರು ನನ್ನನ್ನು ಮರೆಯಲಿಲ್ಲ, ಅದನ್ನು ಹೇಳಲೇಬೇಕು. ಬೆಳಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಎಳನೀರು, ಬೋಸಿಯಲ್ಲಿ ಮೊಸರನ್ನ, ಚೊಂಬಿನಲ್ಲಿ ನೀರುಮಜ್ಜಿಗೆ. ಇಟ್ಟವರು ಯಾರೆಂದು ಕಾಣುತ್ತಿರಲಿಲ್ಲ. ಉಷ್ಣ ಇಳಿಯಲಿ ಎಂದು ತಂದದ್ದು, ಮತ್ತು ನನ್ನ ಮಾತ್ರೆಯ ಜೊತೆ ಯಾವುದನ್ನು ತಿನ್ನಬಾರದೋ ಸರಿಯಾಗಿ ಅದನ್ನೇ ತಂದದ್ದು. ಮಾತ್ರೆಗೂ ಮೊಸರನ್ನಕ್ಕೂ ನಡುವೆ ಹೊತ್ತು ಬಿಟ್ಟು ತಿನ್ನುತ್ತಿದ್ದೆ. ಒಂದು ದಿನ ರೇಗಿಹೋಗಿ, ಸಾಸಿವೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲ ಹಾಕಿ ಬೀದಿಯ ಕೊನೆಯವರೆಗೆ ಘಾಟು ಹೋಗುವ ಹಾಗೆ ಒಗ್ಗರಣೆ ಕೊಟ್ಟೆ. ಯಾರಾದರೂ ಜಗಳಕ್ಕಾದರೂ ಬರಲಿ ಎಂದು ಬಾಗಿಲ ಹಿಂದೆ ಕಾದೆ. ಮಾರನೆಯ ದಿನ ಜಗಲಿಯ ಮೇಲೆ ಎರಡು ಎಳನೀರು ಇದ್ದವು.

ದೊಡ್ಡವ್ವನಿಗೆ ಫೋನು ಮಾಡಿದರೆ, "ಮಾತಾಡಿ ಆಯಾಸ ಮಾಡ್ಕಬ್ಯಾಡ, ಮನಿಕ್ಕೊ," ಎಂದು ಇಟ್ಟುಬಿಡುತ್ತಿದ್ದಳು. ಮಳವಳ್ಳಿಯಲ್ಲಿರುವ ಅಕ್ಕ, "ನಮ್ಮ ಮನೆಗೆ ಬಂದುಬಿಡು, ಮಾತ್ರೆ ಮುಗಿಯೋಗಂಟ ಇರು," ಎಂದಳು. ಹೋಗಬಹುದಿತ್ತು. ಆದರೆ ಊರು ಬಿಟ್ಟು ಹೋದರೆ ಸಾಲು ಬಿಟ್ಟು ಹೋದ ಹಾಗೆ. ಆಮೇಲೆ ಬತ್ತೀನಿ ಎಂದು ಹೇಳುತ್ತಲೇ ಇದ್ದೆ.

ಡಾಕ್ಟರಿಗೆ ತೋರಿಸಲು ಬೆಳಗಿನ ಮೊದಲ ಬಸ್ಸಿಗೆ ಹೋದೆ. ಮುಖಕ್ಕೆ ದುಪಟ್ಟ ಸುತ್ತಿ, ಕೈಗೆ ಉದ್ದ ತೋಳಿನ ಅಂಗಿ ತೊಟ್ಟು, ಛತ್ರಿ ಹಿಡಿದಿದ್ದೆ. ಬಸ್ಸು ತಿರುಗಿದಾಗಲೆಲ್ಲ ಎಳೆಬಿಸಿಲು ಈ ಕಿಟಕಿಯಿಂದ ಆ ಕಿಟಕಿಗೆ ಬರುತ್ತಿತ್ತು, ನಾನೂ ಎದ್ದು ಆ ಸೀಟಿನಿಂದ ಈ ಸೀಟಿಗೆ ಹೋಗುತ್ತಿದ್ದೆ. "ಯಾಕಕ್ಕ, ಸೀಟು ಸರಿ ಇಲ್ವಾ?" ಎಂದು ಕಂಡಕ್ಟರ್ ಕೇಳಿದ. ಬೇವಿನ ಸೊಪ್ಪು ಸಿಕ್ಕಿಸಿದ ಮೇಲೆ ನನ್ನ ಮುಖಕ್ಕೆ ಮುಖ ಕೊಟ್ಟು ಮಾತಾಡಿದ ಮೊದಲನೆಯವನು ಅವನು. ಸೀಟಿನ ಬಗ್ಗೆ ಬೇಕಾದದ್ದಕ್ಕಿಂತ ಹೆಚ್ಚೇ ಮಾತಾಡಿದೆ.

ಡಾಕ್ಟರು ಕೈ ತಿರುಗಿಸಿ ನೋಡಿ, "ಮೋಡ ಇದ್ದರೂ ಬಿಸಿಲು ಇರುತ್ತೆ ಅಮ್ಮ. ಅದೂ ನೀವು ನೀರಿನ ಮೇಲೆ ಬಗ್ಗಿ ನಿಂತಿದ್ದೀರಿ. ಮೇಲಿಂದ ಬಂದದ್ದು ಸಾಲದೆ ಕೆಳಗಿಂದಲೂ ಬಡಿದಿದೆ," ಎಂದರು. ಹಚ್ಚಲು ಮುಲಾಮು ಬರೆದುಕೊಟ್ಟರು. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ನಿಲ್ಲಿಸಿದರೆ ಜ್ವರ ತಿರುಗಿ ಬರುತ್ತೆ, ಮುಗಿದ ಮೇಲೂ ಕೆಲವು ದಿನ ಜೋಪಾನವಾಗಿರಿ ಎಂದರು. ಈ ಮಾತುಗಳನ್ನು ಬೀದಿಗೆ ಹೇಳಬೇಕು ಎಂದುಕೊಂಡು ಬಂದೆ. ಹೇಳೋಣವೆಂದರೆ ಬೀದಿ ನನ್ನ ಹತ್ತಿರ ಬರುತ್ತಿರಲಿಲ್ಲ.

ನಮ್ಮದು ಹೆಂಚಿನ ಮನೆ. ನಡುಮನೆಯ ಮಾಡಿನಲ್ಲಿ ಬೆಳಕಿಗೆಂದು ಒಂದು ಗಾಜಿನ ಹೆಂಚು ಇದೆ. ಅದರಿಂದ ಬೀಳುವ ಬಿಸಿಲಿನ ತುಂಡು ಬೆಳಗ್ಗೆ ಗೋಡೆಯ ಮೇಲಿದ್ದು, ಮಧ್ಯಾಹ್ನ ನೆಲಕ್ಕಿಳಿದು, ಸಂಜೆಗೆ ಅಡಿಗೆಮನೆಯ ಹೊಸ್ತಿಲ ಹತ್ತಿರ ಹೋಗಿ ಆರುತ್ತದೆ. ಅವ್ವ ಆ ತುಂಡಿನ ಹಿಂದೆ ಹಿಂದೆ ಉಪ್ಪಿನಕಾಯಿ ಜಾಡಿ ಸರಿಸುತ್ತಿದ್ದಳು. ನಾನು ಅದರಿಂದ ತಪ್ಪಿಸಿಕೊಂಡು ಕುರ್ಚಿ ಸರಿಸುತ್ತಿದ್ದೆ. ಮನೆಯೊಳಗೆ ನಾನು ಮತ್ತು ಅದು, ಇಬ್ಬರೇ. ಯಾರದೋ ಮದುವೆಯ ಲಗ್ನಪತ್ರಿಕೆ ತಿದ್ದುತ್ತಾ, ತಮ್ಮ ಆಗಮನವೇ ಉಡುಗೊರೆ ಎಂಬ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟೆ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಓದಿ ಸಂಕಟವಾಯಿತು ಅಷ್ಟೇ.

ಹಿತ್ತಿಲ ಬಾಗಿಲ ಸಂದಿಯಿಂದ ಗದ್ದೆ ಬಯಲು ಕಾಣುತ್ತದೆ. ಗುಂಪು ಇವತ್ತು ಯಾರ ಗದ್ದೆಯಲ್ಲಿದೆ ಎಂದು ಸೀರೆಯ ಬಣ್ಣಗಳಿಂದ ಗೊತ್ತಾಗುತ್ತಿತ್ತು. ಬಲತುದಿಯಲ್ಲಿ ಜಾಗ ಇದೆಯೋ ಇಲ್ಲವೋ ಎಂದು ಕಣ್ಣು ಕೀಲಿಸಿ ನೋಡುತ್ತಿದ್ದೆ. ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ಸಾಲಿನಲ್ಲಿ ಒಬ್ಬಳು ಬರದಿದ್ದರೆ ಉಳಿದವರು ಒಂದೊಂದು ಗೇಣು ಹರಡಿಕೊಂಡು ಅವಳ ಜಾಗವನ್ನೂ ನೆಡುತ್ತಾರೆ. ಹರಡಿಕೊಂಡು ಅಭ್ಯಾಸವಾದ ಮೇಲೆ ಅವಳಿಲ್ಲ ಎಂದು ಯಾರಿಗೂ ಅನ್ನಿಸುವುದಿಲ್ಲ. ಹೀಗೆ ಸಾಲಿನಿಂದ ಬಿಟ್ಟುಹೋದವರನ್ನು ನಾನು ಬಲ್ಲೆ. ಒಬ್ಬಳು ಮಗಳ ಬಾಣಂತನಕ್ಕೆಂದು ಮದ್ದೂರಿಗೆ ಹೋಗಿ ಒಂದು ಹಂಗಾಮು ತಪ್ಪಿಸಿದಳು. ಮುಂದಿನ ವರ್ಷ ಅವಳೂ ಕೇಳಲಿಲ್ಲ, ನಾವೂ ಕರೆಯಲಿಲ್ಲ. ಈಗ ಅವಳ ಗದ್ದೆಗೆ ಟೆಂಪೋ ಬರುತ್ತದೆ.

ನನ್ನ ಮಡಿಯ ಪೈರು ಬೇರೆ ಬಲಿಯುತ್ತಿತ್ತು. ಬಲಿತ ಪೈರು ನೆಟ್ಟರೆ ತೆಂಡೆ ಒಡೆಯುವುದಿಲ್ಲ, ಒಂಟಿ ಕಡ್ಡಿಯಾಗಿ ನಿಂತುಬಿಡುತ್ತದೆ. ನಾನು ಅವರ ಗದ್ದೆಗಳಿಗೆ ಹೋಗದೆ ಅವರು ನನ್ನ ಗದ್ದೆಗೆ ಬರುವ ಹಾಗಿಲ್ಲ. ಕೂಲಿಯವರಿಂದ ನಾಟಿ ಮಾಡಿಸಬಹುದು. ಮಾಡಿಸಿದರೆ ನಾನೇ ಹೊರಗೆ ಹೋದೆ ಎಂದು ಸಾರಿದಂತೆ. ಹೀಗೆಲ್ಲ ಲೆಕ್ಕ ಹಾಕಿ ನನಗೊಂದು ಉಪಾಯ ಹೊಳೆಯಿತು. ನಾಟಿ ಆಗುವುದು ಹಗಲು. ಆದರೆ ಪೈರು ಕೀಳುವುದಕ್ಕೆ ಬಿಸಿಲೇ ಬೇಕೆಂದಿಲ್ಲ.

ದೊಡ್ಡವ್ವನ ಗದ್ದೆಯ ನಾಟಿ ಯಾವತ್ತು ಎಂದು ಗೊತ್ತಿತ್ತು. ಅಷ್ಟು ಹೊತ್ತಿಗೆ ಕೈಯ ಗುಳ್ಳೆಗಳು ಒಣಗಿ ಸಿಪ್ಪೆಯೇಳುತ್ತಿದ್ದವು. ಆ ದಿನ ಬೆಳಕು ಹರಿಯುವ ಮುಂಚೆ ಅವಳ ಸಸಿಮಡಿಗೆ ಹೋದೆ. ತಣ್ಣನೆಯ ಕೆಸರಿನಲ್ಲಿ ಕೂತು ಹಿಡಿಹಿಡಿಯಾಗಿ ಪೈರು ಕಿತ್ತು, ಬೇರಿನ ಮಣ್ಣನ್ನು ನೀರಿಗೆ ಬಡಿದು ತೊಳೆದು, ಕಂತೆ ಕಟ್ಟಿದೆ. ಎಲ್ಲರೂ ಹುಲ್ಲಿನಲ್ಲಿ ಕಟ್ಟುತ್ತಾರೆ. ನಾನು ಪ್ರೂಫಿನ ಕಟ್ಟುಗಳಿಗೆ ಬರುವ ಸೆಣಬಿನ ದಾರದಲ್ಲಿ ಕಟ್ಟಿದೆ. ಯಾರು ಕಿತ್ತದ್ದೆಂದು ಅವರಿಗೆ ಗೊತ್ತಾಗಬೇಕಿತ್ತು. ಮುಯ್ಯಿಯಲ್ಲಿ ಅರ್ಧವಾದರೂ ಜಮೆಯಾಗಬೇಕಿತ್ತು. ಮೂಡಲಲ್ಲಿ ಕೆಂಪಾಗುವ ಹೊತ್ತಿಗೆ ಸೆರಗು ಮುಚ್ಚಿಕೊಂಡು ಓಡಿಬಂದು ಮನೆ ಸೇರಿದೆ. ಅವತ್ತು ಹಗಲೆಲ್ಲ ನನಗೆ ಖುಷಿ. ಹಿತ್ತಿಲ ಬಾಗಿಲ ಸಂದಿಯಲ್ಲಿ ಸೀರೆಗಳು ಹಿಂದೆ ಹಿಂದೆ ಸರಿಯುವುದನ್ನು ನೋಡುತ್ತಾ, ಅವರ ಕೈಯಲ್ಲಿರುವುದು ನನ್ನ ಕಂತೆಗಳು ಎಂದುಕೊಂಡೆ.

ಹೊತ್ತು ಮುಳುಗಿದ ಮೇಲೆ ನೋಡಲು ಹೋದೆ. ಗದ್ದೆ ಪೂರ್ತಿ ನೆಟ್ಟಾಗಿತ್ತು. ಸಸಿಮಡಿಯಲ್ಲಿ ನಾನು ಕಿತ್ತು ಬಿಟ್ಟ ಜಾಗದ ಆಚೆಗೆ ಅವರೇ ಹೊಸದಾಗಿ ಕಿತ್ತಿದ್ದರು. ನನ್ನ ಕಂತೆಗಳು ಕಾಲುವೆಯ ಅಂಚಿನಲ್ಲಿದ್ದವು. ಒಂದರ ದಾರವನ್ನೂ ಬಿಚ್ಚಿರಲಿಲ್ಲ.

ಬದುವಿನ ಮೇಲೆ ಕೂತು ಅತ್ತೆ. ಹತ್ತಿರದಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಜೋರಾಗಿಯೇ ಅತ್ತೆ. ಅಪ್ಪನ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡರೆ ಬಿಳಿ ಬಟ್ಟೆಯ ಮೇಲೆ ಕಿತ್ತಳೆ ಬಣ್ಣದ ಕಲೆ. ಡಾಕ್ಟರು ಹೆದರಬೇಡಿ ಎಂದಿದ್ದು ನೆನಪಾಯಿತು. ಹೆದರಿಕೆಯೇನೂ ಆಗಲಿಲ್ಲ, ಅಳುವುದಕ್ಕೂ ಈ ಅವತಾರವೇ ಎಂದು ಸಿಟ್ಟು ಬಂತು. ಕಂತೆಗಳನ್ನು ಮುಟ್ಟದೆ ಎದ್ದು ಬಂದೆ. ಮಳವಳ್ಳಿಗೆ ಹೋಗಿಬಿಡುವುದೇ ಸರಿ ಎಂದು ಅಕ್ಕನಿಗೆ ಫೋನು ಮಾಡಿ, ಈ ವಾರದಲ್ಲೇ ಬತ್ತೀನಿ ಎಂದೆ.

ಬಟ್ಟೆ ಚೀಲಕ್ಕೆ ತುಂಬಿಕೊಳ್ಳುತ್ತಿದ್ದ ದಿನ ಅಂಗಳದಲ್ಲಿ ಸದ್ದಾಯಿತು. ಕಿಟಕಿಯಿಂದ ನೋಡಿದರೆ ದೊಡ್ಡವ್ವ. ದೊಡ್ಡ ಹಿತ್ತಾಳೆ ಹಂಡೆಯಲ್ಲಿ ನೀರು ತುಂಬಿ, ಬೇವಿನ ಸೊಪ್ಪು ಹಾಕಿ, ನನ್ನ ಅಂಗಳದ ನಡುವೆ ಬಿಸಿಲಿಗೆ ಇಟ್ಟಿದ್ದಳು. ತಾನು ಆಚೆ ಮನೆಯ ಜಗಲಿಯಲ್ಲಿ ಕಾದು ಕೂತಳು. ಅಮ್ಮ ಇಳಿದ ಮೇಲೆ ಹಾಕುವ ಮೊದಲ ನೀರು ಒಲೆಯಲ್ಲಿ ಕಾಯುವ ಹಾಗಿಲ್ಲ, ಬಿಸಿಲಲ್ಲೇ ಕಾಯಬೇಕು. ಅದನ್ನು ಹಾಕಿಸಿಕೊಂಡವಳು ಮತ್ತೆ ಎಲ್ಲರ ಜೊತೆ ಕೂಡಬಹುದು. ನೆತ್ತಿಯ ಮೇಲೆ ಹೊತ್ತು ಬಂದಾಗ ಅವಳು ಎದ್ದು ಬಂದು ನೀರಿಗೆ ಕೈ ಅದ್ದಿ ನೋಡಿದಳು.

"ಬಾರಮ್ಮಿ, ಅಂಗಳದಲ್ಲಿ ಕುಂತ್ಕೊ. ನೀರು ಉಯ್ತೀನಿ."

"ಬಿಸ್ಲಿಗೆ ಬರಕ್ಕಾಗಲ್ಲ ದೊಡ್ಡವ್ವ."

"ಬಿಸ್ಲಲ್ಲೇ ಉಯ್ಬೇಕು. ಸಾಸ್ತ್ರ ಅದು."

"ಮತ್ತೆ ಸುಡ್ತದೆ. ಇನ್ನೂ ಮಾತ್ರೆ ಮುಗ್ದಿಲ್ಲ."

ಅವಳು ಬಿಸಿಲಿನಲ್ಲಿ, ನಾನು ಬಾಗಿಲ ಒಳಗಿನ ನೆರಳಿನಲ್ಲಿ. ನಡುವೆ ಒಣಗಿದ ಬೇವಿನ ಸೊಪ್ಪು. ಮೋಡದ ಮಾತು, ನೀರಿನಿಂದ ಬಡಿದ ಬಿಸಿಲಿನ ಮಾತು, ಡಾಕ್ಟರು ಹೇಳಿದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಎಷ್ಟೋ ದಿನದಿಂದ ಗೋಡೆಗೆ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಬಾಯಿ ತೆರೆದರೆ ಬಂದದ್ದೇ ಬೇರೆ.

"ನೀರು ಉಯ್ಯದೆ ಇದ್ರೂ ಪರವಾಗಿಲ್ಲ ದೊಡ್ಡವ್ವ. ಒಳಕ್ಕೆ ಬಂದು ವಸಿ ಹೊತ್ತು ಕುಂತ್ಕೊ. ಈ ಮನೆಯೊಳಕ್ಕೆ ಯಾರೂ ಬಂದಿಲ್ಲ."

ದೊಡ್ಡವ್ವ ನನ್ನ ಮುಖವನ್ನೇ ನೋಡಿದಳು. ಈ ಸಲ ಕೈ ಮುಗಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಂಡೆಯ ಎರಡೂ ಬಳೆ ಹಿಡಿದು ಎತ್ತಲು ಹೋದಳು. ಏಳಲಿಲ್ಲ. ಕೊಡದಲ್ಲಿ ತೋಡಿ ತೋಡಿ ಹೊತ್ತುಕೊಂಡು ಹೊಸ್ತಿಲು ದಾಟಿ ಬಂದಳು. "ನೀರು ಬಿಸ್ಲಲ್ಲಿ ಕಾದದೆ. ಅಷ್ಟು ಸಾಕು ಬುಡು," ಎಂದಳು.

ಬಚ್ಚಲಲ್ಲಿ ಕೂರಿಸಿ ತಲೆಯ ಮೇಲೆ ನೀರು ಹುಯ್ದಳು. ಬೇವಿನ ಕಹಿ ಬಾಯಿಗೆ ಬಂತು. ಅವಳ ಒರಟು ಅಂಗೈ ನನ್ನ ಬೆನ್ನು, ಕತ್ತು, ಸಿಪ್ಪೆಯೆದ್ದ ಮುಂಗೈಗಳ ಮೇಲೆ ಮೆಲ್ಲಗೆ ಆಡಿತು. ಅವ್ವ ಹೋದ ಮೇಲೆ ನನ್ನ ಬೆನ್ನನ್ನು ಯಾರೂ ಉಜ್ಜಿರಲಿಲ್ಲ. ಸುಮ್ಮನೆ ಕೂತಿದ್ದೆ, ಅವಳು ಬೇಗ ಮುಗಿಸದಿರಲಿ ಎಂದು.

"ಮಾತ್ರೆ ನುಂಗ್ತಾ ಇದ್ದೀಯಾ?" ಎಂದು ಕೇಳಿದಳು.

"ಊಂ."

"ನುಂಗು. ಮಾತ್ರೆ ಪಾಡಿಗೆ ಮಾತ್ರೆ, ಅಮ್ಮನ ಪಾಡಿಗೆ ಅಮ್ಮ."

ಅದು ಅಮ್ಮ ಅಲ್ಲವೆಂದು ನನಗೆ ಇವತ್ತಿಗೂ ಗೊತ್ತು, ಅಮ್ಮನೇ ಎಂದು ಅವಳಿಗೆ ಇವತ್ತಿಗೂ ಗೊತ್ತು. ತಲೆ ಒರೆಸುವಾಗ ಕಂತೆಗಳ ವಿಷಯ ಕೇಳಿದೆ. ಯಾಕೆ ಎಸೆದಿರಿ ಎಂದೆ.

"ಯಾರು ಎಸುದ್ರು? ಬೇರು ನೀರಲ್ಲಿರ್ಲಿ ಅಂತ ಕಾಲ್ವೇಲಿ ನಿಲ್ಸಿವ್ನಿ. ಅಮ್ಮ ಬಂದೋಳ ಕೈಲಿ ಕಿತ್ತ ಪೈರು ನಮ್ ಗದ್ದೆಗೆ ಆಗಕಿಲ್ಲ ಕಣಮ್ಮಿ. ನಿನ್ ಗದ್ದೆಗಾದ್ರೆ ಆಯ್ತದೆ," ಎಂದಳು. "ನಾಳೆ ನಿಂದೇ ನಾಟಿ. ಎಲ್ರಿಗೂ ಹೇಳಿವ್ನಿ."

"ಮೊದಲ್ನೇ ದಿನದ್ದು ಬಿಟ್ರೆ ನಾನು ಯಾರ ಮುಯ್ಯೂ ತೀರ್ಸಿಲ್ವಲ್ಲ."

"ಕಳೆ ಕೀಳೋ ವೊತ್ಗೆ ನಿನ್ ಮಾತ್ರೆ ಮುಗೀತದಲ್ಲ. ಆವಾಗ ತೀರ್ಸು. ಎಲ್ಲಿಗೆ ಓಡೋಯ್ತೀಯಾ ನೀನು," ಎಂದು ನನ್ನ ಬಟ್ಟೆಯ ಚೀಲದ ಕಡೆ ನೋಡಿದಳು. ನಾನು ಅದನ್ನು ಕಾಲಿನಿಂದ ಮಂಚದ ಕೆಳಕ್ಕೆ ತಳ್ಳಿದೆ.

ಮಾರನೆಯ ದಿನ ಮೋಡವಿರಲಿಲ್ಲ. ಹಿತ್ತಿಲ ಬಾಗಿಲನ್ನು ಪೂರ್ತಿ ತೆಗೆದು, ಸೂರಿನ ನೆರಳಿನಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ನನ್ನ ಗದ್ದೆ ಹತ್ತಿರದಲ್ಲೇ ಇದೆ, ಮಾತು ಕೇಳುವಷ್ಟು ಹತ್ತಿರ. ಫೋನಿನ ಹಾಡು ಕೇಳುತ್ತಿತ್ತು, ಆಮೇಲೆ ದೊಡ್ಡವ್ವನ ಹಾಡು ಕೇಳಿತು. ಅವರು ನಕ್ಕಾಗ ಯಾಕೆ ನಕ್ಕರು ಎಂದು ಗೊತ್ತಾಗದೆ ನಾನೂ ಸ್ವಲ್ಪ ನಕ್ಕೆ. ಸೂರಿನ ನೆರಳು ಕಿರಿದಾದಂತೆ ಸ್ಟೂಲನ್ನು ಗೋಡೆಗೆ ಅಂಟಿಸಿಕೊಂಡೆ. ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು ಮಾಡಿದ್ದೆ, ಒಗ್ಗರಣೆ ಹಾಕಿಯೇ. ಬಂದು ಜಗಲಿಯಲ್ಲಿ ಕೂತು ಉಂಡರು. ಪ್ರೂಪು ಎಂದು ಅಣಕಿಸುತ್ತಿದ್ದವಳು ನನ್ನ ಮುಖ ನೋಡಿ, "ಬೆಳ್ಳಗಾಗಿದೀಯ ಕಣೆ, ನಮ್ಗೂ ವಸಿ ಆ ಮಾತ್ರೆ ಕೊಡು," ಎಂದಳು.

ಸಂಜೆ ಅವರೆಲ್ಲ ಕಾಲು ತೊಳೆದು ಮನೆಗೆ ಹೋದರು. ಹೋಗುವಾಗ ದೊಡ್ಡವ್ವ, "ಹೊತ್ತಿಳಿದ ಮ್ಯಾಲೆ ಗದ್ದೆ ಕಡೆ ಓಗಿ ಬಾ," ಎಂದಳು. ಬಿಸಿಲು ಕಬ್ಬಿನ ತೋಟದ ಹಿಂದೆ ಇಳಿಯುವವರೆಗೆ ಕಾದು ಹೋದೆ. ಗದ್ದೆಯೆಲ್ಲ ಹಸಿರು ಚುಕ್ಕಿ. ಬಲಗಡೆ ಬದುವಿನ ಪಕ್ಕದಲ್ಲಿ, ಆ ತುದಿಯಿಂದ ಈ ತುದಿಯವರೆಗೆ, ಒಬ್ಬಳ ಕೈ ಆಡುವಷ್ಟು ಅಗಲದ ಪಟ್ಟಿ ಖಾಲಿಯಿತ್ತು. ಯಾರೂ ಹರಡಿಕೊಂಡಿರಲಿಲ್ಲ. ಬದುವಿನ ಮೇಲೆ ಸೆಣಬಿನ ದಾರದ ಕಂತೆಗಳನ್ನು ತಂದು ಇಟ್ಟಿದ್ದರು. ತುದಿಗಳು ಹಳದಿಯಾಗಿದ್ದವು, ಬೇರಿನಲ್ಲಿ ಜೀವವಿತ್ತು.

ಸೀರೆ ಎತ್ತಿ ಕಟ್ಟಿ ಇಳಿದೆ. ದಾರ ಬಿಚ್ಚಿ ನೆಡತೊಡಗಿದೆ. ನೀರು ಇನ್ನೂ ಬೆಚ್ಚಗಿತ್ತು. ಸ್ವಲ್ಪ ದೂರ ಹಿಂದೆ ಸರಿದ ಮೇಲೆ, ಅಭ್ಯಾಸದಂತೆ, ಪಕ್ಕದವಳ ಕೈ ಎಲ್ಲಿಗೆ ಬಂತು ಎಂದು ತಲೆ ತಿರುಗಿಸಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳು ಹಗಲು ನೆಟ್ಟುಹೋದ ಸಾಲು ಇತ್ತು. ಅದಕ್ಕೇ ಹೊಂದಿಸಿಕೊಂಡು, ಕಣ್ಣು ಕಾಣುವವರೆಗೆ ನೆಟ್ಟೆ.